ಗೋಡೆ ಬಿತ್ತು, ಭತ್ತ ಮಲಗಿತು: ಮೊದಲು ಯಾವ ಕಚೇರಿಗೆ ಹೋಗಬೇಕು?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕು. ನಾಲೆ ಕೆಳಗೆ 1 ಎಕರೆ 10 ಗುಂಟೆ ಗದ್ದೆ. ನವೆಂಬರ್ ಮಳೆಗೆ ಕುಯ್ಲಿಗೆ ಬಂದಿದ್ದ ಭತ್ತವೆಲ್ಲ ಮಲಗಿಬಿಟ್ಟಿದೆ, ನಾಲ್ಕು ದಿನ ನೀರು ನಿಂತಿತ್ತು. ಅದೇ ರಾತ್ರಿ ಕೊಟ್ಟಿಗೆಯ ಮಣ್ಣಿನ ಗೋಡೆ ಬಿದ್ದು ಹಾಲು ಕೊಡುತ್ತಿದ್ದ ಸೀಮೆಹಸು ಸತ್ತಿತು. ಸೊಸೈಟಿಯಲ್ಲಿ 80 ಸಾವಿರ ಬೆಳೆ ಸಾಲ ಇದೆ. ಪಹಣಿ ಇನ್ನೂ ತೀರಿಕೊಂಡ ಮಾವನವರ ಹೆಸರಲ್ಲೇ ಇದೆ. ಒಬ್ಬರು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಅಂತಾರೆ, ಇನ್ನೊಬ್ಬರು ತಾಲ್ಲೂಕು ಕಚೇರಿ ಅಂತಾರೆ, ಮತ್ತೊಬ್ಬರು ಬ್ಯಾಂಕು ಅಂತಾರೆ. ಒಂದೇ ಅರ್ಜಿ ಹಾಕಿದರೆ ಎಲ್ಲಾ ಬರುವುದಿಲ್ಲವೇ? ಹೊಸ ಹಸು ತರಲು ಶೇ 50 ಸಬ್ಸಿಡಿ ಇದೆಯಂತೆ, ನಿಜವೇ?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ:

ಅಮ್ಮಾ, ನಿಮ್ಮ ಪತ್ರ ಓದಿದ ದಿನವೇ ಫೋನ್ ಮಾಡಿ ಹಸುವಿನ ವಿಷಯ ಮಾತ್ರ ಹೇಳಿದ್ದೆ. ಅದಕ್ಕೆ ಕಾಯುವ ಹಾಗಿರಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಸ್ಥಿತಿಯಲ್ಲೇ ಇರುವವರು ಮಂಡ್ಯ, ಮೈಸೂರು ಕಡೆ ಇನ್ನೂ ಎಷ್ಟೋ ಜನ ಇದ್ದಾರೆ.

ಒಂದೇ ಅರ್ಜಿಗೆ ಎಲ್ಲಾ ಬರುವುದಿಲ್ಲ. ನಿಮಗೆ ದಾರಿ ತೋರಿಸಿದ ಮೂವರೂ ಸುಳ್ಳು ಹೇಳಿಲ್ಲ, ಆದರೆ ಒಬ್ಬೊಬ್ಬರೂ ಒಂದೊಂದು ದುಡ್ಡಿನ ಬಗ್ಗೆ ಹೇಳಿದ್ದಾರೆ. ವಿಕೋಪ ಪರಿಹಾರ ಕಂದಾಯ ಇಲಾಖೆಯದು. ಬೆಳೆ ವಿಮೆ ಕಂಪನಿಯದು, ಅದರ ಉಸ್ತುವಾರಿ ಕೃಷಿ ಇಲಾಖೆಯದು. ಸಾಲದ ಮಾತು ಸೊಸೈಟಿಯದು. ಮೂರಕ್ಕೂ ಬೇರೆ ಬೇರೆ ಗಡುವು, ಬೇರೆ ಬೇರೆ ಲೆಕ್ಕ. ಒಂದು ಬಂತು ಅಂತ ಇನ್ನೊಂದು ತಪ್ಪಿಹೋಗುವುದಿಲ್ಲ. ಹಾಗೆಯೇ ಒಂದಕ್ಕೆ ಬರೆದುಕೊಟ್ಟರೆ ಇನ್ನೊಂದು ತಾನಾಗಿ ಬರುವುದೂ ಇಲ್ಲ.

ಹಸುವಿನಿಂದಲೇ ಶುರು ಮಾಡೋಣ. ಮಳೆಗೆ ಗೋಡೆ ಕುಸಿದು ಹಸು ಸತ್ತರೆ ಅದು ಪ್ರಕೃತಿ ವಿಕೋಪದ ಸಾವು. ನಿಮ್ಮ ಹಸುವಿಗೆ ಅನ್ವಯಿಸುವ ರಾಜ್ಯ ವಿಪತ್ತು ಪರಿಹಾರ ನಿಧಿಯ ಮಾನದಂಡ 2022–23ರಿಂದ 2025–26ರವರೆಗಿನದು. ಅದರಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ. ಉಳುವ ಎತ್ತಿಗೆ 32,000, ಕರುವಿಗೆ 20,000, ಕುರಿ ಮೇಕೆಗೆ 4,000. ಒಂದು ಮನೆಗೆ ದೊಡ್ಡ ಹಾಲಿನ ರಾಸು ಮೂರರವರೆಗೆ ಸಿಗುತ್ತದೆ. ಕೊಟ್ಟಿಗೆ ಮನೆಗೆ ಅಂಟಿಕೊಂಡಿದ್ದರೆ ಅದಕ್ಕೆ ಬೇರೆಯಾಗಿ 3,000. ಹೌದು, ಮೂರೇ ಸಾವಿರ. ಆ ದುಡ್ಡಿಗೆ ಇವತ್ತು ಒಂದು ಮೂಲೆಯ ಗೋಡೆಯೂ ಏಳುವುದಿಲ್ಲ, ಆದರೂ ಕೇಳದೆ ಬಿಡಬೇಡಿ.

ಈ 37,500 ನಿಂತಿರುವುದು ಎರಡು ಹಾಳೆಯ ಮೇಲೆ. ಒಂದು ಪಶು ವೈದ್ಯರ ಮರಣೋತ್ತರ ಪರೀಕ್ಷೆಯ ವರದಿ, ಇನ್ನೊಂದು ಗ್ರಾಮ ಆಡಳಿತಾಧಿಕಾರಿ ಸ್ಥಳ ನೋಡಿ ಬರೆಯುವ ಮಹಜರು. ನಮ್ಮ ಕಡೆ ಹಸು ಸತ್ತರೆ ಮನೆಯವರು ಅಳುತ್ತಲೇ ಬೆಳಗಾಗುವುದರೊಳಗೆ ಗುಂಡಿ ತೋಡಿ ಮಣ್ಣು ಮಾಡಿಬಿಡುತ್ತಾರೆ. ಆಮೇಲೆ ವೈದ್ಯರು ಬಂದರೆ ಏನು ನೋಡಿ ಬರೆಯಬೇಕು? ಅದಕ್ಕೇ ಫೋನಿನಲ್ಲಿ ಅವಸರ ಮಾಡಿದ್ದು. ಬಿದ್ದ ಗೋಡೆ, ಅದರಡಿ ಹಸು, ಕಿವಿಯ ಓಲೆಯ ನಂಬರು, ಮೂರೂ ಒಂದೇ ಚಿತ್ರದಲ್ಲಿ ಕಾಣುವಂತೆ ಫೋಟೋ ಇರಬೇಕು. ನಿಮ್ಮ ಮಗ ಆ ರಾತ್ರಿಯೇ ಟಾರ್ಚ್ ಬೆಳಕಿನಲ್ಲಿ ನಾಲ್ಕು ಫೋಟೋ ತೆಗೆದಿದ್ದಾನೆ ಅಂದಿರಿ. ಜಾಣ ಹುಡುಗ. ಮಹಜರಿನಲ್ಲಿ ‘ಹಸು ಸತ್ತಿದೆ’ ಅಂತಷ್ಟೇ ಬರೆದರೆ ಸಾಲದು. ‘ಇಂಥ ದಿನ ಸುರಿದ ಮಳೆಗೆ ಗೋಡೆ ಕುಸಿದು ಸತ್ತಿದೆ’ ಅಂತ ಕಾರಣ ಇರಬೇಕು. ಸಹಿ ಹಾಕುವ ಮುಂಚೆ ಓದಿಸಿ ಕೇಳಿ.

ಈಗ ಓಲೆಯ ಮಾತು. ‘ಕಿವಿಯಲ್ಲಿ ಹಳದಿ ಓಲೆ ಇತ್ತು, ಹಾಗಾಗಿ ವಿಮೆ ಇರಬೇಕು’ ಅಂತ ನೀವು ಹೇಳಿದಿರಿ. ಹಾಗೇನೂ ಇಲ್ಲ. ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗಲೂ 12 ಅಂಕಿಯ ಓಲೆ ಹಾಕುತ್ತಾರೆ. ಅದು ರಾಸಿನ ಗುರುತಿನ ಚೀಟಿ ಅಷ್ಟೇ, ವಿಮೆಯ ರಸೀದಿ ಅಲ್ಲ. ಹಾಲಿನ ಡೇರಿಯ ಕಾರ್ಯದರ್ಶಿ ಹತ್ತಿರ ಹೋಗಿ, ಆ ನಂಬರಿನ ಮೇಲೆ ಪಾಲಿಸಿ ಇದೆಯಾ, ಯಾವ ತಾರೀಖಿನವರೆಗೆ ಇದೆ ಅಂತ ಕೇಳಿ. ಇದ್ದರೆ ಕಂಪನಿಗೆ ತಕ್ಷಣ ತಿಳಿಸಬೇಕು, ಓಲೆಯನ್ನೂ ಒಪ್ಪಿಸಬೇಕು. ಓಲೆ ಇಲ್ಲದಿದ್ದರೆ ಕ್ಲೇಮು ಇಲ್ಲ ಅನ್ನುವುದು ವಿಮೆಯವರ ಹಳೆಯ ಮಾತು. ಅದರಲ್ಲಿ ಅವರು ರಾಜಿ ಮಾಡಿಕೊಳ್ಳುವುದಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೂ ಎರಡು ಮಾತು. ಮಳೆ, ನೆರೆಯಂಥ ವಿಕೋಪವಲ್ಲದ ಆಕಸ್ಮಿಕ ಸಾವಿಗೆ ಪಶುಸಂಗೋಪನಾ ಇಲಾಖೆಯ ‘ಅನುಗ್ರಹ’ ಯೋಜನೆ ಇದೆ. 2025–26ರ ಬಜೆಟ್‌ನಲ್ಲಿ ಹಸು, ಎಮ್ಮೆ, ಎತ್ತಿಗೆ 10 ಸಾವಿರದಿಂದ 15 ಸಾವಿರಕ್ಕೆ, ಕುರಿ ಮೇಕೆಗೆ 5,000ದಿಂದ 7,500ಕ್ಕೆ ಏರಿಸಿದರು. ಇನ್ನು ಕಬ್ಬಿನ ಗದ್ದೆ ಮಗ್ಗುಲಲ್ಲಿ ಕಟ್ಟಿದ ಕರುವನ್ನು ಚಿರತೆ ಹಿಡಿದರೆ ಅದು ಅರಣ್ಯ ಇಲಾಖೆಯ ಪಾಲು. ತಿ. ನರಸೀಪುರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಣ್ಯದವರು ಬಂದು ನೋಡುವವರೆಗೆ ಕಳೇಬರವನ್ನು ಕದಲಿಸಬೇಡಿ, ಹಲ್ಲಿನ ಗುರುತೇ ಅಲ್ಲಿ ಸಾಕ್ಷಿ.

ಇನ್ನು ಭತ್ತ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ವಿಕೋಪ ಪರಿಹಾರದಲ್ಲಿ ಬೆಳೆಗೆ ಕೊಡುವುದನ್ನು ಸರ್ಕಾರದ ಭಾಷೆಯಲ್ಲಿ ‘ಇನ್‌ಪುಟ್ ಸಬ್ಸಿಡಿ’ ಅಂತಾರೆ. ಅಂದರೆ ಮುಂದಿನ ಬೆಳೆಗೆ ಬೀಜ, ಗೊಬ್ಬರಕ್ಕೆ ಒಂದಿಷ್ಟು ಕೈ ಆಸರೆ. ಕಳೆದುಕೊಂಡ ಭತ್ತದ ಬೆಲೆ ಅಲ್ಲ. ನಷ್ಟ ಶೇ 33 ಮತ್ತು ಅದಕ್ಕಿಂತ ಮೇಲಿದ್ದರೆ ಮಾತ್ರ ಸಿಗುತ್ತದೆ. ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೆಂಗು ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500. ಒಬ್ಬರಿಗೆ 2 ಹೆಕ್ಟೇರ್ ಮಿತಿ. ಗುಂಟೆ ಲೆಕ್ಕದಲ್ಲಿ ಹೇಳಿದರೆ ನೀರಾವರಿಗೆ ಗುಂಟೆಗೆ ಸುಮಾರು 172 ರೂಪಾಯಿ. ನಿಮ್ಮದು 50 ಗುಂಟೆ, ಅಂದರೆ ಹತ್ತಿರ ಹತ್ತಿರ 8,600. 2025ರ ಮುಂಗಾರಿನ ನೆರೆ ಹಾನಿಗೆ ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಕ್ಟೇರಿಗೆ ಇನ್ನೂ 8,500 ಸೇರಿಸಿ ಕೊಡುವುದಾಗಿ ಆ ಸೆಪ್ಟೆಂಬರ್ ಕೊನೆಯಲ್ಲಿ ಹೇಳಿತ್ತು. ನಿಮ್ಮ ನವೆಂಬರ್ ಮಳೆ ಆ ಪಟ್ಟಿಗೆ ಸೇರುತ್ತದೆಯೇ ಅಂತ ತಾಲ್ಲೂಕು ಕಚೇರಿಯಲ್ಲೇ ಕೇಳಬೇಕು. ಅದು ಬರುತ್ತದೆ ಅಂತ ಈಗಲೇ ಯಾರಿಗೂ ಮಾತು ಕೊಡಬೇಡಿ.

ಇದಕ್ಕೆ ಜಂಟಿ ಸಮೀಕ್ಷೆ ನಡೆಯುತ್ತದೆ. ಕಂದಾಯ, ಕೃಷಿ ಎರಡೂ ಕಡೆಯವರು ಬರುತ್ತಾರೆ. ಅವರು ಬರೆದದ್ದು ‘ಪರಿಹಾರ’ ತಂತ್ರಾಂಶಕ್ಕೆ ಹೋಗುತ್ತದೆ, ಅದು ರೈತರ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನಲ್ಲಿ ನಿಮಗೆ ಕೊಟ್ಟ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ನಂಬರ್ ಹಿಡಿದು ಆಧಾರ್ ಜೋಡಣೆಯಾದ ಖಾತೆಗೆ ದುಡ್ಡು ಹಾಕುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ದುಡ್ಡು ಅಲ್ಲೇ ನಿಲ್ಲುತ್ತದೆ. ಪಕ್ಕದ ಮನೆಯವರಿಗೆ ಬಂತು, ನಮಗೆ ಬರಲಿಲ್ಲ ಅನ್ನುವ ಜಗಳದ ಮೂಲ ಬಹುಪಾಲು ಇಲ್ಲೇ ಇರುತ್ತದೆ. ಅಧಿಕಾರಿಗೆ ನಿಮ್ಮ ಮೇಲೆ ಕೋಪ ಇರಬೇಕು ಅಂತೇನಿಲ್ಲ.

ನಮ್ಮ ಮನೆಯದೇ ಒಂದು ಕಥೆ ಹೇಳುತ್ತೇನೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರಲ್ಲ, ಆ ವರ್ಷ. ಅಣ್ಣನ ಹೊಲದಲ್ಲಿ ರಾಗಿ ಒಣಗಿ ಹೋಯಿತು. 2024ರ ಜನವರಿಯಲ್ಲಿ ಮೊದಲ ಕಂತು, 2 ಸಾವಿರದವರೆಗಿನದು, ಊರಿನವರ ಖಾತೆಗಳಿಗೆ ಬಂತು. ಅಣ್ಣನಿಗೆ ಬರಲಿಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ಇದೇ ಕೆಲಸ ಮಾಡಿದ ನಾನು, ಅವನ ತಮ್ಮ, ಮನೆಯಲ್ಲಿರುವಾಗಲೇ ಹೀಗಾಯಿತು. ಕೊನೆಗೆ ಬೆಳೆ ಸಮೀಕ್ಷೆಯ ದಾಖಲೆ ತೆಗೆದು ನೋಡಿದರೆ ನಮ್ಮ ಸರ್ವೆ ನಂಬರಿನಲ್ಲಿ ‘ಬೀಳು’ ಅಂತ ನಮೂದಾಗಿತ್ತು. ಸಮೀಕ್ಷೆಗೆ ಬಂದ ಹುಡುಗ ರಸ್ತೆ ಬದಿಯಲ್ಲಿ ಬೈಕ್ ನಿಲ್ಲಿಸಿ, ಕೆಳಗೆ ಇಳಿಯದೆ, ಪಕ್ಕದ ಪಾಳು ಹೊಲದ ಫೋಟೋ ಹಿಡಿದು ಹೋಗಿದ್ದ. ಬೆಳೆಯೇ ಇಲ್ಲದ ಹೊಲಕ್ಕೆ ಬೆಳೆ ನಷ್ಟ ಎಲ್ಲಿಂದ ಬರಬೇಕು? ಆಕ್ಷೇಪಣೆ ಹಾಕುವ ದಿನ ಮುಗಿದು ಎಷ್ಟೋ ಆಗಿತ್ತು. ತಪ್ಪು ಆ ಹುಡುಗನದು ನಿಜ. ಆದರೆ ಮೊಬೈಲಿನಲ್ಲಿ ಸಮೀಕ್ಷೆಯ ದಾಖಲೆ ತೋರಿಸುವ ‘ಬೆಳೆ ದರ್ಶಕ’ ಆ್ಯಪ್ ತೆರೆದು ಎರಡು ನಿಮಿಷ ನೋಡದೆ ಇದ್ದದ್ದು ನಾನೇ ಅಲ್ವಾ?

ಹಾಗಾಗಿ ನೀವು ಇವತ್ತೇ ಮಾಡಬೇಕಾದದ್ದು ಅದು. ಬೆಳೆ ದರ್ಶಕದಲ್ಲಿ ನಿಮ್ಮ ಸರ್ವೆ ನಂಬರ್, ಹಿಸ್ಸಾ ಹಾಕಿ ಈ ಮುಂಗಾರಿಗೆ ಏನು ಬೆಳೆ ಬರೆದಿದ್ದಾರೆ ನೋಡಿ. ಭತ್ತ, ನೀರಾವರಿ, ಪೂರ್ತಿ 50 ಗುಂಟೆ ಅಂತ ಇರಬೇಕು. ಕಬ್ಬು ಅಂತಲೋ, ಅರ್ಧ ವಿಸ್ತೀರ್ಣ ಅಂತಲೋ ಇದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಲ್ಲಿ ಹೇಳಿ ಬಂದದ್ದು ಲೆಕ್ಕಕ್ಕಿಲ್ಲ.

ಬೆಳೆ ವಿಮೆಗೂ ಇದೇ ದಾಖಲೆ ಬೇಕು. 2016ರ ಮುಂಗಾರಿನಿಂದ ಇರುವ ಬೆಳೆ ವಿಮೆ ಯೋಜನೆ ಫಸಲ್ ಬಿಮಾದಲ್ಲಿ ರೈತರ ಪಾಲಿನ ಕಂತು ಮುಂಗಾರಿನ ಆಹಾರ ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇ 5. ಬೆಳೆ ಸಾಲ ಇದ್ದವರಿಗೆ, ‘ಬೇಡ’ ಅಂತ ಕೊನೆಯ ದಿನಕ್ಕೆ ಏಳು ದಿನ ಮೊದಲೇ ಬರೆದುಕೊಡದಿದ್ದರೆ, ಸಾಲದ ಖಾತೆಯಿಂದಲೇ ಕಂತು ಕಡಿತವಾಗುತ್ತದೆ. ನಿಮ್ಮ ಸೊಸೈಟಿ ಪಾಸ್‌ಬುಕ್ಕಿನಲ್ಲಿ ಆ ಕಡಿತ ಇದೆಯೇ, ಯಾವ ಬೆಳೆಯ ಹೆಸರಿನಲ್ಲಿ ಇದೆ, ನೋಡಿ. ವಿಮೆ ರಾಗಿಗೆ, ಸಮೀಕ್ಷೆಯಲ್ಲಿ ಭತ್ತ ಅಂತಾದರೆ ಬೆಳೆ ವಿಮೆಯ ‘ಸಂರಕ್ಷಣೆ’ ಪೋರ್ಟಲ್‌ನಲ್ಲಿ ತಾಳೆ ಹಾಕುವಾಗಲೇ ತಿರಸ್ಕಾರವಾಗುತ್ತದೆ.

ವಿಮೆ ಇದ್ದರೂ ನಿಮ್ಮ ಗದ್ದೆ ಒಂದನ್ನೇ ನೋಡಿ ದುಡ್ಡು ಕೊಡುವುದಿಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ಘಟಕ. ಪಂಚಾಯಿತಿಯ ಕೆಲವು ಗದ್ದೆಗಳಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೆಯುತ್ತಾರೆ. ಉದಾಹರಣೆಗೆ ವಿಮೆಯಲ್ಲಿ ಮೊದಲೇ ಗೊತ್ತು ಮಾಡಿದ ಖಾತ್ರಿ ಇಳುವರಿ 40 ಕ್ವಿಂಟಲ್, ಈ ವರ್ಷ ಬಂದ ಸರಾಸರಿ 30 ಅಂದುಕೊಳ್ಳಿ. ಕೊರತೆ ಕಾಲು ಭಾಗ, ಆಗ ವಿಮಾ ಮೊತ್ತದ ಕಾಲು ಭಾಗ ಎಲ್ಲರಿಗೂ. ಸರಾಸರಿ 40 ದಾಟಿದರೆ ನಿಮ್ಮದು ಪೂರ್ತಿ ಕೊಳೆತಿದ್ದರೂ ಸೊನ್ನೆ. ಇದು ನ್ಯಾಯವಾ ಅಂತ ಕೇಳಿದರೆ ನನ್ನ ಉತ್ತರ ಅಲ್ಲ. ಆದರೆ ಲೆಕ್ಕ ಹಾಗಿದೆ.

ಒಬ್ಬೊಬ್ಬರ ಗದ್ದೆ ನೋಡಿ ಕೊಡುವ ಅವಕಾಶ ಎರಡು ಕಡೆ ಇದೆ. ಒಂದು, ಆಲಿಕಲ್ಲು, ಭೂಕುಸಿತದಂಥ ಸ್ಥಳೀಯ ವಿಕೋಪ. ಭತ್ತದ ಗದ್ದೆಯಲ್ಲಿ ನೀರು ನಿಂತದ್ದನ್ನು 2018ರಲ್ಲಿ ಈ ಪಟ್ಟಿಯಿಂದ ತೆಗೆದುಬಿಟ್ಟಿದ್ದರು. ಭತ್ತ ನೀರಿನಲ್ಲೇ ಬೆಳೆಯುವ ಬೆಳೆ ಅನ್ನುವುದು ಕಾರಣ. ಮಲಗಿದ ತೆನೆ ನೀರಿನಲ್ಲಿ ಮೊಳಕೆ ಒಡೆಯುವುದನ್ನು ನೋಡಿದವರು ಹಾಗೆ ಬರೆಯುತ್ತಿರಲಿಲ್ಲ. 2026ರ ಮುಂಗಾರಿನಿಂದ ಅದನ್ನು ಮತ್ತೆ ಸೇರಿಸುವುದಾಗಿ, ಕಾಡುಪ್ರಾಣಿ ಹಾನಿಯನ್ನೂ ಸೇರಿಸುವುದಾಗಿ ಕೇಂದ್ರ ಕೃಷಿ ಸಚಿವಾಲಯ 2025ರ ನವೆಂಬರ್‌ನಲ್ಲಿ ಹೇಳಿದೆ. ನಿಮ್ಮ ಈ ಸಲದ ಬೆಳೆಗೆ ಅದು ಸಿಗದು. ಎರಡನೆಯದು ಕುಯ್ದ ಮೇಲಿನ ನಷ್ಟ. ಕುಯ್ದು ಗದ್ದೆಯಲ್ಲೇ ಒಣಗಲು ಹರಡಿದ್ದ ಭತ್ತಕ್ಕೆ 14 ದಿನದೊಳಗೆ ಅಕಾಲ ಮಳೆ ಬಿದ್ದರೆ ಸಿಗುತ್ತದೆ. ಮೆದೆ ಹಾಕಿದ್ದಕ್ಕೆ, ಕಣಕ್ಕೆ ತಂದದ್ದಕ್ಕೆ ಇಲ್ಲ. ಎರಡಕ್ಕೂ 72 ಗಂಟೆಯೊಳಗೆ 14447ಕ್ಕೆ ಫೋನ್ ಮಾಡಿ ದೂರು ನಂಬರ್ ಬರೆದುಕೊಳ್ಳಬೇಕು. ನೀವು 10 ಗುಂಟೆ ಮೊದಲೇ ಕುಯ್ದು ಹಾಸಿದ್ದಿರಿ ಅಂತ ಪತ್ರದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೀರಿ. ದೂರು ಕೊಡಲು ನಿಮಗಿದ್ದದ್ದು ಆ 10 ಗುಂಟೆಯೇ, ಆದರೆ ಮೂರು ದಿನ ಕಳೆದಿದೆ. ಉಳಿದದ್ದು ಪಂಚಾಯಿತಿ ಸರಾಸರಿಯ ಮೇಲೆ.

ಸಾಲಕ್ಕೆ ಬರೋಣ. ಸೊಸೈಟಿಯ ಬೆಳೆ ಸಾಲ 5 ಲಕ್ಷದವರೆಗೆ ಬಡ್ಡಿ ಇಲ್ಲ. ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ ಈ ಸೊನ್ನೆ. ಒಂದು ದಿನ ತಡವಾದರೂ ಬಡ್ಡಿ ಬೀಳುತ್ತದೆ. ಮೊದಲು ನಿಮ್ಮ ಗಡುವಿನ ತಾರೀಖು ಯಾವುದು ಅಂತ ನೋಡಿ. ವಿಕೋಪ ಅಂತ ಸರ್ಕಾರ ಘೋಷಿಸಿದ ಪ್ರದೇಶದಲ್ಲಿ ಬೆಳೆ ಸಾಲವನ್ನು ಕಂತಿನ ಸಾಲವಾಗಿ ಬದಲಿಸಿಕೊಡುವ ಅವಕಾಶ ಇದೆ, ಅದಕ್ಕೂ ನಷ್ಟ ಶೇ 33 ಅಥವಾ ಅದಕ್ಕಿಂತ ಮೇಲಿರಬೇಕು. ಅದನ್ನು ನೀವು ಬರಹದಲ್ಲಿ ಕೇಳಬೇಕು, ಅದೂ ಗಡುವು ದಾಟುವ ಮೊದಲು. ನನ್ನ ಅಭಿಪ್ರಾಯ ಕೇಳಿದರೆ, 80 ಸಾವಿರಕ್ಕೆ ಬದಲಿಸಿಕೊಳ್ಳುವುದಕ್ಕಿಂತ ಹೇಗಾದರೂ ಕಟ್ಟಿ ಹೊಸ ಸಾಲ ಪಡೆಯುವುದೇ ಮೇಲು, ಸೊನ್ನೆ ಬಡ್ಡಿ ಕೈತಪ್ಪುವುದಿಲ್ಲ. ಹೇಗಾದರೂ ಅಂದೆ ಅಂತ ಮೀಟರ್ ಬಡ್ಡಿಯವರ ಹತ್ತಿರ ಹೋಗಬೇಡಿ, ವಾರದ ಸಂಘದ ಸಾಲವೂ ಬೇಡ. ನಾಲ್ಕು ಗ್ರಾಂ ಚಿನ್ನ ಇದ್ದರೆ ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಅಡವಿಟ್ಟರೂ ಅದಕ್ಕಿಂತ ವಾಸಿ.

ಹೊಸ ಹಸುವಿಗೆ ಶೇ 50 ಸಬ್ಸಿಡಿ ಅಂತ ಯೂಟ್ಯೂಬಿನಲ್ಲಿ ನೋಡಿದಿರಿ. ಅದು ರಾಷ್ಟ್ರೀಯ ಜಾನುವಾರು ಮಿಷನ್‌ದು. ಕುರಿ, ಮೇಕೆ, ಕೋಳಿ, ಹಂದಿಯ ದೊಡ್ಡ ಘಟಕ ಮಾಡುವವರಿಗೆ. ನಿಮ್ಮಂತೆ ಹಾಲಿನ ಹಸು ಕೊಳ್ಳುವವರಿಗೆ ಅಲ್ಲ. ‘ಫೈಲ್ ಮಾಡಿಕೊಡ್ತೀನಿ, ಐದು ಸಾವಿರ ಕೊಡಿ’ ಅನ್ನುವವರಿಗೆ ಬಾಗಿಲು ತೆಗೆಯಬೇಡಿ.

ಕಿಸಾನ್ ಕ್ರೆಡಿಟ್ ಕಾರ್ಡ್ ಹೈನುಗಾರಿಕೆಗೂ ಇದೆ, 2 ಲಕ್ಷದವರೆಗೆ ಬಡ್ಡಿ ರಿಯಾಯಿತಿ ಸಿಗುತ್ತದೆ. ಮೂರು ಪರ್ಸೆಂಟ್ ಸಕಾಲ ಪಾವತಿಯ ರಿಯಾಯಿತಿ ಸೇರಿದರೆ ಶೇ 4ಕ್ಕೆ ಇಳಿಯುತ್ತದೆ. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನವನ್ನೂ ಕೇಳುವ ಹಾಗಿಲ್ಲ. ಆದರೆ ಆ ಕಾರ್ಡ್ ಹಿಂಡಿ, ಬೂಸಾ, ಔಷಧದ ಖರ್ಚಿಗೆ. ಹಸು ಕೊಳ್ಳಲು ಅಲ್ಲ. ಹಸುವಿಗೆ ಬೇಕಾದದ್ದು ಮಧ್ಯಮಾವಧಿ ಸಾಲ, ಸಹಕಾರಿ ಬ್ಯಾಂಕಿನಲ್ಲಿ ಶೇ 3ರ ಬಡ್ಡಿಗೆ, 15 ಲಕ್ಷದವರೆಗೆ ಇದೆ. ಬ್ಯಾಂಕಿನಲ್ಲಿ ‘ಕಾರ್ಡ್’ ಅಂತ ಕೇಳಿದರೆ ಕಾರ್ಡಿನ ಫಾರಂ ಕೊಟ್ಟು ಕಳಿಸುತ್ತಾರೆ, ಹಾಗಾಗಿ ಹೆಸರು ಹಿಡಿದು ಕೇಳಿ. ಹೊಸ ಹಸು ತಂದ ವಾರದಲ್ಲೇ ವಿಮೆ ಮಾಡಿಸಿ. ಈಗ ಜಾನುವಾರು ವಿಮೆಯ ಕಂತಿನಲ್ಲಿ ನಿಮ್ಮ ಪಾಲು ಶೇ 15 ಅಷ್ಟೇ, ಉಳಿದದ್ದು ಸರ್ಕಾರಗಳು ಕಟ್ಟುತ್ತವೆ. ಕೊಟ್ಟಿಗೆಗೆ ಉದ್ಯೋಗ ಖಾತರಿಯಲ್ಲಿ ಅವಕಾಶ ಇತ್ತು, ಈಗಲೂ ಇದೆಯೇ ಅಂತ ಪಂಚಾಯಿತಿಯ ಪಿಡಿಒ ಹತ್ತಿರ ಕೇಳಿ, ಇದ್ದರೆ ಕ್ರಿಯಾಯೋಜನೆಗೆ ಹೆಸರು ಸೇರಿಸಿ. ಈ ಸಲ ಮಣ್ಣಿನ ಗೋಡೆ ಬೇಡ. ನಾಲ್ಕಡಿ ಇಟ್ಟಿಗೆ ಗೋಡೆ, ಮೇಲೆ ಗಾಳಿಯಾಡಲು ಬಿಡಿ, ರಾಸಿಗೂ ಅದೇ ಒಳ್ಳೆಯದು.

ಗದ್ದೆಯ ಬಗ್ಗೆ ಒಂದು ಅನುಮಾನ. ಅಕ್ಕಪಕ್ಕದವರ ಗದ್ದೆಯ ನೀರು ಎರಡೇ ದಿನಕ್ಕೆ ಇಳಿಯಿತು, ನಿಮ್ಮದರಲ್ಲಿ ನಾಲ್ಕು ದಿನ ನಿಂತಿತು ಅಂದಿರಿ. ಬಸಿಗಾಲುವೆ ಮುಚ್ಚಿರಬೇಕು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಇದು ಹಳೆಯ ಕಾಯಿಲೆ. ನೀರು ಬರುವ ಕಾಲುವೆಗೆ ಎಲ್ಲರೂ ಜಗಳ ಆಡುತ್ತಾರೆ, ಹೋಗುವ ಕಾಲುವೆಯನ್ನು ಯಾರೂ ನೋಡುವುದಿಲ್ಲ. ಹೀಗೇ ಬಿಟ್ಟರೆ ಬೇಸಿಗೆಯಲ್ಲಿ ಮಣ್ಣಿನ ಮೇಲೆ ಬಿಳಿ ಪೊರೆ ಏಳುತ್ತದೆ, ಜಮೀನು ಚೌಳಾಗುತ್ತದೆ. ಬಸಿಗಾಲುವೆ ಹೂಳು ತೆಗೆಸಲು ಅಕ್ಕಪಕ್ಕದ ಐದಾರು ಜನ ಸೇರಿ ಪಂಚಾಯಿತಿಗೆ ಅರ್ಜಿ ಕೊಡಿ. ಮಣ್ಣು ಪರೀಕ್ಷೆ ಮಾಡಿಸಿ, ಜಿಪ್ಸಮ್ ಬೇಕೋ ಬೇಡವೋ ಅದು ಹೇಳುತ್ತದೆ. ಮುಂದಿನ ನಾಟಿಗೆ ಮುಂಚೆ ಹಸಿರೆಲೆ ಗೊಬ್ಬರದ ಡಯಂಚ ಬೀಜ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿ. ಅನುಮಾನ ಇದ್ದರೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ದೂರವೇನಲ್ಲ, ಒಂದು ಮುಷ್ಟಿ ಮಣ್ಣು ಕಟ್ಟಿಕೊಂಡು ಹೋಗಿ ತೋರಿಸಿ. ಕೃಷಿ ಹೊಂಡದ ‘ಕೃಷಿ ಭಾಗ್ಯ’ ನಿಮಗಲ್ಲ, ಅದು ನಾಗಮಂಗಲದಂಥ ಮಳೆ ನಂಬಿದ ಕಡೆಯವರಿಗೆ.

ಕೊನೆಯದು, ಆದರೆ ನಿಮ್ಮ ಮಟ್ಟಿಗೆ ಇದೇ ದೊಡ್ಡದು: ಪಹಣಿ. ಭತ್ತದ 8,600 ಇರಲಿ, ವಿಮೆ ಇರಲಿ, ಹೊಸ ಸಾಲ ಇರಲಿ, ತೀರಿಕೊಂಡವರ ಹೆಸರಿನ ಜಮೀನಿಗೆ ಎಫ್‌ಐಡಿ ಜೋಡಿಸಲು ಆಗುವುದಿಲ್ಲ. ಹಸುವಿನ ಪರಿಹಾರಕ್ಕೆ ಪಹಣಿಯ ತೊಡಕಿಲ್ಲ, ಅದು ಮಾತ್ರ ನಿಮ್ಮ ಹೆಸರಲ್ಲೇ ಬರಬಹುದು. ಮಾವನವರು ಹೋಗಿ ಆರು ವರ್ಷ ಆಯಿತು ಅಂದಿರಿ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ವಾರಸುದಾರರ ಆಧಾರ್ ಇಟ್ಟು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಿಸಲು, ಅರ್ಜಿ ಕೊಡಿ. 2025ರಿಂದ ಇ-ಪೌತಿ ಆಂದೋಲನ ನಡೆಯುತ್ತಿದೆ, ಗ್ರಾಮ ಆಡಳಿತಾಧಿಕಾರಿಯನ್ನೇ ಹಿಡಿದು ಕೇಳಿ. ಹೆಣ್ಣುಮಕ್ಕಳಿಗೂ ಸಮ ಹಕ್ಕು ಇರುವುದರಿಂದ ನಿಮ್ಮ ಇಬ್ಬರು ನಾದಿನಿಯರ ಹೆಸರು ವಂಶವೃಕ್ಷದಲ್ಲಿ ಇರಲೇಬೇಕು. ಅವರನ್ನು ಬಿಟ್ಟು ಬರೆಸೋಣ ಅಂತ ಯಾರಾದರೂ ಬುದ್ಧಿ ಹೇಳಿದರೆ ಕೇಳಬೇಡಿ, ಆಮೇಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ. ದೊಡ್ಡ ನಾದಿನಿ ಬೆಂಗಳೂರಿನಲ್ಲಿದ್ದಾರೆ, ಸಂಕ್ರಾಂತಿಗೆ ಬರುತ್ತಾರೆ ಅಂದಿರಿ. ಅಷ್ಟರೊಳಗೆ ಅರ್ಜಿ ಸಿದ್ಧ ಮಾಡಿಟ್ಟುಕೊಳ್ಳಿ. ಎಳ್ಳು ಬೆಲ್ಲ ಕೊಟ್ಟ ಮೇಲೆ, ಅವರು ಬಸ್ಸು ಹತ್ತುವ ಮುಂಚೆ ಸಹಿ ಆಗಲಿ.